ಗಿರಾಕಿಯ ಗುಟ್ಟು



ನಮ್ಮ ಹಿರಿಯರು ಉದ್ರಿ ವಹಿಯನ್ನು ಪರರ ಕಣ್ಣಿಗೂ ಬೀಳಗೊಡುತ್ತಿರಲಿಲ್ಲ. ಈಗ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರು ಎಲ್ಲವೂ ಮಕ್ಕಳ ಕಂಪ್ಯೂಟರಿನಲ್ಲಿವೆ. ಕಳೆದ ದೀಪಾವಳಿಯಲ್ಲಿ ಒಬ್ಬರು ಆ ಯಾದಿಯನ್ನು ಹಣಕ್ಕೆ ಕೇಳಿದರು. ‘ಬರೀ ನಂಬರು ತಾನೇ, ಅಪ್ಪಾ’ ಎಂದ ಮಗ. ನಾವು ಒಪ್ಪಲಿಲ್ಲ. ಗಿರಾಕಿ ನಂಬರು ಕೊಟ್ಟದ್ದು ಬಿಲ್ಲಿಗೆ, ಮಾರಾಟಕ್ಕಲ್ಲ.

ಪರರ ಗುಟ್ಟು ಹೊರಗೆಡಹುವ ರಹೋಭ್ಯಾಖ್ಯಾನ, ನಂಬಿ ಇಟ್ಟದ್ದನ್ನು ನುಂಗುವ ನ್ಯಾಸಾಪಹಾರ ಇವೆರಡನ್ನೂ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಹಂತಹಂತವಾಗಿ ಜಾರಿಗೆ ಬರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸಾರವೂ ಇಷ್ಟೇ: ಒಪ್ಪಿಗೆ ಪಡೆಯಿರಿ, ಬೇಕಾದಷ್ಟೇ ಕೇಳಿರಿ, ಜೋಪಾನ ಮಾಡಿರಿ, ಕೆಲಸ ತೀರಿದ ಮೇಲೆ ಅಳಿಸಿರಿ. ದಂಡ 250 ಕೋಟಿ ರೂಪಾಯಿವರೆಗೂ ಇದೆ.

ದಂಡಕ್ಕೆ ಅಂಜುವ ಮೊದಲು ವ್ರತಕ್ಕೆ ಅಂಜೋಣ. ಮಗ ಈಗ ಹಳೆಯ ಹೆಸರುಗಳನ್ನು ಅಳಿಸಿ ಕಂಪ್ಯೂಟರಿಗೆ ಗುಪ್ತಪದ ಹಾಕಿದ್ದಾನೆ.