ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು

ಬೈಂದೂರು ಕಡೆಯ ತಂದೆಯೊಬ್ಬರು ಮೊನ್ನೆ ಮನೆಗೆ ಬಂದಿದ್ದರು. ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್ ತೆರೆದುಕೊಳ್ಳಲು ಐದು ನಿಮಿಷ ಬೇಕು. ಸಿಇಟಿ ಪಾಠದ ವಿಡಿಯೊ ನಡುನಡುವೆ ನಿಲ್ಲುತ್ತದೆ. ಅಂಗಡಿಯಲ್ಲಿ ಹೊಸತನ್ನೇ ಕೊಳ್ಳಲು ಹೇಳಿದರಂತೆ. “ಸಾಲ ಮಾಡಿ ಹೊಸ್ತೇ ತಕಣ್ಕಾ ಮಾಷ್ಟ್ರೇ?” ಎಂದು ಕೇಳಿದರು.

“ಸ್ವಲ್ಪ ತಡೆಯಿರಿ. ಇಲ್ಲಿ ಕಾಯಿಲೆ ಒಂದಲ್ಲ, ಎರಡು ಇರಬಹುದು” ಎಂದೆ.

ವಿದ್ಯಾರ್ಥಿಗಳೇ, ನೀವೇ ಪರೀಕ್ಷಿಸಿ. ಒಂದು ವಿಡಿಯೊವನ್ನು ಇಳಿಸಿಟ್ಟುಕೊಂಡು ನೋಡಿ. ಅದು ಸರಾಗವಾಗಿ ಓಡಿದರೆ ವಿಡಿಯೊ ನಿಲ್ಲುವುದಕ್ಕೆ ಕಾರಣ ಯಂತ್ರವಲ್ಲ, ನೆಟ್ ಸಂಪರ್ಕ. ಹೊಸ ಲ್ಯಾಪ್‌ಟಾಪ್ ಬಂದರೂ ಆ ತೊಂದರೆ ಹೋಗದು.

ಮೊದಲು ಯಂತ್ರದ ನಿಧಾನ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು, ಅಂದರೆ ಸೆಕೆಂಡಿಗೆ ೯೦ ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು ೫.೫ ಮಿಲಿಸೆಕೆಂಡು ಕಾಯಬೇಕು. ಸಾವಿರಾರು ಸಲ ಹೀಗೆ ಕಾದರೆ ನಿಮಿಷಗಳೇ ಕಳೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಆ ಕಾಯುವಿಕೆ ಇಲ್ಲ. ಡಿಸ್ಕ್ ಬದಲಿಸುವ ಮುನ್ನ ನೋಟ್ಸ್, ಫೋಟೊಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ರ‍್ಯಾಮ್ ೪ ಜಿಬಿ ಇದ್ದರೆ ೮ಕ್ಕೆ ಏರಿಸಬಹುದು. ಆದರೆ ಡಿಡಿಆರ್೩ ಇರುವಲ್ಲಿ ಡಿಡಿಆರ್೪ ಕೂರುವುದಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿಯೇ ಇರುತ್ತದೆ. ಕೇಳಿ ಕೊಳ್ಳಿ.

ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ನಿಮ್ಮ ಯಂತ್ರ ವಿಂಡೋಸ್ ೧೧ಕ್ಕೆ ಒಗ್ಗುತ್ತದೆಯೇ ಎಂಬುದನ್ನು ಹಣ ಹಾಕುವ ಮೊದಲೇ ನೋಡಿ. ಒಗ್ಗದಿದ್ದರೆ ಓದು-ಬರಹಕ್ಕೆ ಉಚಿತವಾದ ಲಿನಕ್ಸ್ ಸಾಕಾಗುತ್ತದೆ.

ಇನ್ನು ನೆಟ್. ಕುಂದಾಪುರ, ಬ್ರಹ್ಮಾವರದ ಕಡೆ ದಪ್ಪ ಕೆಂಪುಕಲ್ಲಿನ ಗೋಡೆಯ ಮನೆಗಳು ಬಹಳ. ರೂಟರ್ ಚಾವಡಿಯಲ್ಲಿ, ಮಕ್ಕಳ ಓದು ಒಳಕೋಣೆಯಲ್ಲಿ. ಗೋಡೆ ದಾಟುವಾಗ ವೈಫೈ ಅಲೆ ಕ್ಷೀಣಿಸುತ್ತದೆ. ೫ ಗಿಗಾಹರ್ಟ್ಸ್ ಅಲೆ ೨.೪ಕ್ಕಿಂತ ಹೆಚ್ಚು ಕ್ಷೀಣಿಸುತ್ತದೆ. ದುಬಾರಿ ರೂಟರಿಗಿಂತ ಮೊದಲು ಇರುವ ರೂಟರನ್ನೇ ಮನೆಯ ನಡುವೆ, ಎತ್ತರದಲ್ಲಿಟ್ಟು ನೋಡಿ. ಸಾಲದಿದ್ದರೆ ಒಂದು ಕ್ಯಾಟ್ ೬ ವಯರ್ ಎಳೆಯಿರಿ. ೧೦೦ ಮೀಟರ್‌ವರೆಗೆ ಅದು ಸೆಕೆಂಡಿಗೆ ೧ ಗಿಗಾಬಿಟ್ ಒಯ್ಯಬಲ್ಲದು. ಒಂದೇ ವಯರ್ ಸಾಕಾದರೆ ಕ್ರಿಂಪಿಂಗ್ ಟೂಲ್ ಕೊಳ್ಳುವುದು ದಂಡ. ಎರಡೂ ತುದಿಗೆ ಪ್ಲಗ್ ಹಾಕಿದ್ದೇ ಸಿಗುತ್ತದೆ. ಬಿಡಿಯಾಗಿ ಕೊಂಡರೆ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ; ಬೇಡ.

ನಮ್ಮೂರಿನಲ್ಲಿ ಮರೆಯಬಾರದ ಇನ್ನೊಂದು ಮಾತು ಸಿಡಿಲು. ಫೈಬರಿನ ಗಾಜು ವಿದ್ಯುತ್ ಹರಿಸದು. ಆದರೆ ರೂಟರಿನ ಕರೆಂಟ್ ವಯರ್, ಕ್ಯಾಟ್ ೬ ವಯರ್ ಎರಡೂ ಹರಿಸುತ್ತವೆ. ಗುಡುಗು ಹತ್ತಿರವಾಗುವ ಮೊದಲೇ ಎರಡನ್ನೂ ಕಳಚಿಡಿ.

ಆ ತಂದೆ ಕೊನೆಗೆ ಒಂದು ಎಸ್‌ಎಸ್‌ಡಿ, ೧೫ ಮೀಟರ್ ವಯರ್ ಕೊಂಡರು. ಸಾಲ ತಪ್ಪಿತು. ಡಿಸ್ಕ್ ಬದಲಿಸುವಾಗ ಮಗಳು ಪಕ್ಕದಲ್ಲೇ ಕುಳಿತು ನೋಡಿದಳಂತೆ. ಪೋಷಕರೇ, ನಿಮ್ಮ ಮಕ್ಕಳಿಗೂ ಯಂತ್ರ ಬಿಚ್ಚುವುದನ್ನು ತೋರಿಸಿ.