ಅಭ್ಯರ್ಥಿ ಯಾರು?

ನಮ್ಮ ಹುಣಸೂರಿನ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾದಷ್ಟೂ ರಾಜಕೀಯ ಬೆಳೆಯುತ್ತದೆ. ದ್ರೌಪದಿ ಮುರ್ಮು ಅವರು ರಾಷ್ಟ್ರಪತಿ ಪದವಿಯನ್ನು ಸ್ವೀಕರಿಸಿದ್ದು 2022ರ ಜುಲೈ 25ರಂದು. ಐದು ವರ್ಷದ ಅವಧಿ 2027ರ ಜುಲೈಗೆ ತುಂಬುತ್ತದೆ. ಆಮೇಲೆ ಆಳುವ ಪಕ್ಷ ಯಾರನ್ನು ನಿಲ್ಲಿಸೀತೆಂಬ ಊಹೆ ಅಧ್ಯಾಪಕರ ಕೊಠಡಿಯನ್ನೂ ಹೊಕ್ಕಿದೆ. ಈ ಸಲ ದಕ್ಷಿಣದವರ ಸರದಿ ಎನ್ನುವರೊಬ್ಬರು. ಅಲ್ಲ, ಇಂಥ ಜಾತಿಯವರದು ಎನ್ನುವರು ಇನ್ನೊಬ್ಬರು. ಗಂಡು ಗೊತ್ತುಮಾಡುವ ಹಿರಿಯರಂತೆ ಕುಲ, ಊರು, ನಂಟು ಎಲ್ಲವನ್ನೂ ವಿಚಾರಿಸುತ್ತಾರೆ, ಸ್ವಭಾವವೊಂದನ್ನು ಬಿಟ್ಟು.

ಈ ಲೆಕ್ಕವೆಲ್ಲ ಸುಳ್ಳೆಂದು ನಾನು ಹೇಳಲಾರೆ. 2022ರಲ್ಲಿ ಸಂತಾಲ ಹೆಣ್ಣುಮಗಳೊಬ್ಬರು ಆ ಪದವಿಗೇರಿದಾಗ, ಹೆಗ್ಗಡದೇವನಕೋಟೆಯ ಹಾಡಿಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನ ಮುಖದಲ್ಲಿ ಕಂಡ ಹಿಗ್ಗು ಇನ್ನೂ ನೆನಪಿದೆ. ಆದರೆ ಸರದಿಯಲ್ಲಿಗೇ ವಿಚಾರ ಮುಗಿಯಬೇಕೆ?

‘ಅಭ್ಯರ್ಥಿ’ ಎಂದರೆ ಬೇಡುವವನು. (ಕನ್ನಡ ಮೇಷ್ಟರ ಚಟ, ಓದುಗರು ಮನ್ನಿಸಬೇಕು.) ಬೇಡಬೇಕಾದುದು ಯಾರನ್ನು? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆಗಳ ಶಾಸಕರು ನಾಲ್ವರೂ ಈ ಚುನಾವಣೆಯ ಮತದಾರರೇ. 2022ರಲ್ಲಿ ನಮ್ಮ ರಾಜ್ಯದ ಒಬ್ಬ ಶಾಸಕರ ಮತದ ಮೌಲ್ಯ 131. ನಾಲ್ವರದು ಸೇರಿ 524. ಮತದಾನ ಗುಪ್ತ, ಪಕ್ಷ ವಿಪ್ ಹೊರಡಿಸುವಂತಿಲ್ಲ.

1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಆತ್ಮಸಾಕ್ಷಿಗೆ ಅನುಸಾರವಾಗಿ ಮತ ಕೊಡಿರೆಂಬ ಕರೆ ಹೊರಟಿತು. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427! ಅದೇ ವರ್ಷ ಪಕ್ಷವೂ ಒಡೆಯಿತು. ಆ ಒಡಕಿನಲ್ಲಿ ಇಂದಿರಾ ಅವರ ಕಡೆ ನಿಂತ ನಮ್ಮ ಹುಣಸೂರಿನ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದರು. ಆತ್ಮಸಾಕ್ಷಿಯ ಮಾತು ಅಂದು ತಂತ್ರವೂ ಆಗಿತ್ತೆಂಬುದನ್ನು ನಾನು ಅಲ್ಲಗಳೆಯೆನು. ಆದರೂ ಪಕ್ಷದ ಆಯ್ಕೆಯೇ ಕೊನೆಯ ಮಾತಲ್ಲವೆಂಬುದಂತೂ ಸಿದ್ಧವಾಯಿತು.

ಸ್ವಭಾವವನ್ನು ಕೇಳದಿದ್ದರೆ ಏನಾದೀತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1974ರಲ್ಲಿ ಆಳುವ ಪಕ್ಷದ ಅಭ್ಯರ್ಥಿಯಾಗಿ ಗೆದ್ದ ಫಕ್ರುದ್ದೀನ್ ಅಲಿ ಅಹಮದ್ ಅವರು, 1975ರ ಜೂನ್ 25ರ ರಾತ್ರಿ, ಸಚಿವ ಸಂಪುಟ ಇನ್ನೂ ಸೇರುವ ಮೊದಲೇ, ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟದ ಒಪ್ಪಿಗೆ ದೊರೆತದ್ದು ಮರುದಿನ ಬೆಳಿಗ್ಗೆ.

ಆದುದರಿಂದ ಹೆಸರುಗಳ ಊಹೆಯನ್ನು ಗೆಳೆಯರಿಗೇ ಬಿಟ್ಟು, ನಾನು ನಮ್ಮ ಶಾಸಕರಿಗೊಂದು ಕಾಗದ ಬರೆಯಬೇಕೆಂದಿದ್ದೇನೆ: ಸ್ವಾಮಿ, ನಡುರಾತ್ರಿ ಸಹಿಗೆ ಕಾಗದ ಬಂದರೆ ಏನು ಮಾಡುವಿರೆಂದು, ತಮ್ಮ ಮತವನ್ನು ಬೇಡಿ ಬಂದವರನ್ನು ತಾವು ಒಮ್ಮೆಯಾದರೂ ಕೇಳುವಿರಾ?