ಪ್ರೊಸೆಸರ್ ಓಪನ್, ಸರಿ. ಗ್ರಾಫಿಕ್ಸ್ ಡ್ರೈವರ್ ಯಾರ ಕೈಲಿ? ‘ಕಿಯೋ’ ಬಗ್ಗೆ ಕೇಳಲೇಬೇಕಾದ ಪ್ರಶ್ನೆ

2025ರ ದೀಪಾವಳಿಗೆ ಹುಣಸೂರಿಗೆ ಹೋಗಿದ್ದಾಗ ಚಿಕ್ಕಮ್ಮನ ಮಗ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. “ಅಣ್ಣಾ, ಇದು ವಿಂಡೋಸ್ 11 ತಗೊಳಲ್ವಂತೆ. ಅಂಗಡಿಯವನು ಗುಜರಿಗೆ ಹಾಕು, ಹೊಸದು ತಗೋ ಅಂತಾನೆ. ಹೊಗೆಸೊಪ್ಪು ಹರಾಜಿಗೆ ಹೋಗಿ ದುಡ್ಡು ಕೈಗೆ ಬರೋವರೆಗೆ ಅಮ್ಮನ ಹತ್ರ ಬಾಯಿ ಬಿಡೋ ಹಾಗಿಲ್ಲ” ಅಂದ.

ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್ ಅದು. ಆದರೆ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತ್ತು. ವಿಂಡೋಸ್ 11 ಬೇಕೆಂದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಅಂದರೆ ಓಡುತ್ತಿರುವ ಯಂತ್ರವನ್ನು ಒಂದು ಕಂಪನಿಯ ತೀರ್ಮಾನ ‘ಹಳೇದು’ ಮಾಡಿಬಿಟ್ಟಿತು. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿಕೊಟ್ಟೆ. ಅವನ ಮೊದಲ ಪ್ರಶ್ನೆ ಸೆಕ್ಯೂರಿಟಿ ಬಗ್ಗೆ ಅಲ್ಲ: “ಜಿಟಿಎ ಓಡುತ್ತಾ?” ಸ್ಯಾನ್ ಆಂಡ್ರಿಯಾಸ್ ಓಡಿತು. ಅವನಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ, ಯಾಕೆಂದರೆ ಅದು ಓಡಿದ್ದರ ಹಿಂದೆ ಒಂದು ರಾಜಕೀಯ ಇದೆ.

ಆಟವೊಂದು ತೆರೆಯ ಮೇಲೆ ನೀರು, ನೆರಳು, ಹೊಗೆ ತೋರಿಸಬೇಕಾದರೆ ‘ಶೇಡರ್’ ಎಂಬ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಗ್ರಾಫಿಕ್ಸ್ ಚಿಪ್ಪಿಗೆ ಕಳಿಸುತ್ತದೆ. ಆದರೆ ಒಂದೊಂದು ಚಿಪ್ಪಿನ ಭಾಷೆ ಒಂದೊಂದು ಥರ. ಹಾಗಾಗಿ ಶೇಡರ್‌ಗಳು ಅರೆಬೆಂದ ಸ್ಥಿತಿಯಲ್ಲಿ ಬರುತ್ತವೆ. ಅವನ್ನು ಆಯಾ ಚಿಪ್ಪಿನ ಭಾಷೆಗೆ ತಿರುಗಿಸುವುದು ಡ್ರೈವರ್‌ ಒಳಗಿರುವ ಶೇಡರ್ ಕಂಪೈಲರ್. ಆಡುತ್ತಾ ಆಡುತ್ತಾ ಗಕ್ಕನೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತಲ್ಲ, ಎಷ್ಟೋ ಸಲ ಈ ಕಂಪೈಲರ್ ಕೆಲಸ ಮುಗಿಸಿಲ್ಲ ಅಂತ ಅರ್ಥ. ಚಿಪ್ ಎಷ್ಟೇ ದುಬಾರಿ ಇರಲಿ, ಡ್ರೈವರ್ ಇಲ್ಲದಿದ್ದರೆ ಅದರಿಂದ ಏನೂ ಆಗದು. ಆ ಡ್ರೈವರ್ ಬರೆಯೋದು, ತಿದ್ದೋದು, ನಿಲ್ಲಿಸೋದು ಯಾರ ಕೈಲಿದೆಯೋ ಯಂತ್ರದ ಆಯಸ್ಸು ಅವರ ಕೈಲಿದೆ.

ಲಿನಕ್ಸ್‌ನಲ್ಲಿ ಈ ಕೆಲಸ ಬಹುಪಾಲು ನಡೆಯೋದು ‘ಮೆಸಾ’ ಎಂಬ ಯೋಜನೆಯಲ್ಲಿ. 1993ರಲ್ಲಿ ಬ್ರಯಾನ್ ಪಾಲ್ ಶುರುಮಾಡಿದ್ದು. ಎಎಂಡಿ ತನ್ನ ವಲ್ಕನ್ ಡ್ರೈವರನ್ನು ಓಪನ್ ಮಾಡ್ತೀನಿ ಅಂತ ಹೇಳಿ ತಡಮಾಡುತ್ತಿದ್ದಾಗ, 2016ರಲ್ಲಿ ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೈಸನ್ ಕಾಯದೆ ತಾವೇ ‘ರ‍್ಯಾಡ್‌ವಿ’ ಬರೆಯತೊಡಗಿದರು. 2019ರಲ್ಲಿ ವಾಲ್ವ್ ಕಂಪನಿ ದುಡ್ಡು ಹಾಕಿ ‘ಎಸಿಒ’ ಎಂಬ ಹೊಸ ಶೇಡರ್ ಕಂಪೈಲರ್ ಬರೆಸಿತು. ಮರುವರ್ಷ ಅದೇ ರ‍್ಯಾಡ್‌ವಿಯ ಮುಖ್ಯ ಕಂಪೈಲರ್ ಆಯಿತು. ಕಡೆಗೆ 2025ರಲ್ಲಿ ಎಎಂಡಿ ತನ್ನದೇ ಓಪನ್ ಡ್ರೈವರನ್ನು ಕೈಬಿಟ್ಟು ರ‍್ಯಾಡ್‌ವಿಯನ್ನೇ ಒಪ್ಪಿಕೊಂಡಿತು. ಹೊರಗಿನವರು ಬರೆದ ಡ್ರೈವರ್ ಎದುರು ಚಿಪ್ ಮಾಡಿದ ಕಂಪನಿಯೇ ತಲೆಬಾಗಿತು ಅನ್ನಿ.

ಇದನ್ನು ಬರೀ ಸಮುದಾಯದ ಗೆಲುವು ಅಂತ ಹಾಡಿ ಹೊಗಳೋದು ಬೇಡ. ವಾಲ್ವ್ ಧರ್ಮಛತ್ರ ನಡೆಸುತ್ತಿಲ್ಲ. ವಿಂಡೋಸ್ ಮೇಲೆ ಅವಲಂಬಿಸಿದ್ದರೆ ತನ್ನ ಸ್ಟೀಮ್ ಅಂಗಡಿಗೆ ಒಂದು ದಿನ ಬೀಗ ಬೀಳಬಹುದು ಅನ್ನೋ ಲೆಕ್ಕ ಅದಕ್ಕಿದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಓಡೋದೂ ಲಿನಕ್ಸ್ ಮೇಲೆ. ಆದರೆ ಕೋಡ್ ಬಹಿರಂಗವಾಗಿರುವುದರಿಂದ ಆ ಕಂಪನಿಯ ಸ್ವಾರ್ಥದ ಫಲ ಹುಣಸೂರಿನ ಹುಡುಗನಿಗೂ ತಲುಪಿತು. 2012ರ ಕಾಲದ ಎಎಂಡಿ ಕಾರ್ಡುಗಳನ್ನೇ ನೋಡಿ. ವಿಂಡೋಸ್‌ಗೆ ಅವುಗಳ ಡ್ರೈವರ್ ಬೆಂಬಲವನ್ನು ಕಂಪನಿ 2021ರಲ್ಲೇ ನಿಲ್ಲಿಸಿತು. ಲಿನಕ್ಸ್‌ನಲ್ಲಿ ಅದೇ ಕಾರ್ಡುಗಳನ್ನು 6.19ನೇ ಆವೃತ್ತಿಯಲ್ಲಿ ಹೊಸ ಡ್ರೈವರಿಗೆ ಹತ್ತಿಸಿದ್ದಾರೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಸರ್ಕಾರ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರ್ ತೋರಿಸಿತು. ಕಿಯೋನಿಕ್ಸ್ ಮೂಲಕ ಬಂದ ಇದರ ಬೆಲೆ 18,999 ರೂಪಾಯಿ. ಒಳಗಿರುವುದು ರಿಸ್ಕ್-ಫೈವ್ ಪ್ರೊಸೆಸರ್, ಮೇಲೆ ಲಿನಕ್ಸ್. ಹೆಸರಿನ ಮೂರನೇ ಅಕ್ಷರವೇ ‘ಓಪನ್ ಸೋರ್ಸ್’. ಲೈಸೆನ್ಸ್ ದುಡ್ಡು ಕಟ್ಟದೆ ಸರ್ಕಾರಿ ಶಾಲೆಗೆ, ಬಡ ವಿದ್ಯಾರ್ಥಿಗೆ ಕಂಪ್ಯೂಟರ್ ಕೊಡಬೇಕೆನ್ನುವ ಆಲೋಚನೆ ನಿಜಕ್ಕೂ ಒಳ್ಳೆಯದು. ಅದಕ್ಕೇ ಈ ಪ್ರಶ್ನೆ ಈಗಲೇ ಕೇಳಬೇಕು: ಗ್ರಾಫಿಕ್ಸ್ ಡ್ರೈವರ್ ಯಾರ ಕೈಲಿ?

ರಿಸ್ಕ್-ಫೈವ್ ಓಪನ್ ಅಂದರೆ ಪ್ರೊಸೆಸರಿನ ಆದೇಶಗಳ ಪಟ್ಟಿ ಓಪನ್ ಅಂತಷ್ಟೇ. ಅದೇ ಚಿಪ್ಪಿನಲ್ಲಿ ಕೂತಿರುವ ಗ್ರಾಫಿಕ್ಸ್ ಭಾಗಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾರುಕಟ್ಟೆಯಲ್ಲಿರುವ ಅನೇಕ ರಿಸ್ಕ್-ಫೈವ್ ಚಿಪ್ಪುಗಳಲ್ಲಿ ಬ್ರಿಟನ್‌ನ ಇಮ್ಯಾಜಿನೇಷನ್ ಕಂಪನಿಯ ಪವರ್‌ವಿಆರ್ ಗ್ರಾಫಿಕ್ಸ್ ಇರುತ್ತದೆ. ವರ್ಷಗಟ್ಟಲೆ ಇದರ ಡ್ರೈವರ್ ಮುಚ್ಚಿದ ಪೆಟ್ಟಿಗೆಯಾಗಿತ್ತು. ಚಿಪ್ ಮಾರಿದವನು ಒಂದು ಹಳೇ ಲಿನಕ್ಸ್ ಕರ್ನಲ್‌ಗೆ ಹೊಂದುವ ಹಾಗೆ ಅದನ್ನು ಕಟ್ಟಿ ಕೊಡುತ್ತಿದ್ದ. ಕರ್ನಲ್ ಅಪ್‌ಡೇಟ್ ಮಾಡಿದಿರೋ, ಡ್ರೈವರ್ ಹೋಯ್ತು. ಮಾಡಲಿಲ್ಲವೋ, ಸೆಕ್ಯೂರಿಟಿ ಹೋಯ್ತು. ಇಮ್ಯಾಜಿನೇಷನ್ ಕಂಪನಿಯೇ ಮನಸ್ಸು ಬದಲಿಸಿ 2022ರಲ್ಲಿ ಮೆಸಾಗೆ ಓಪನ್ ಡ್ರೈವರ್ ಸೇರಿಸಿತು. 2024ರಲ್ಲಿ ಕರ್ನಲ್ 6.8ಕ್ಕೆ ಅದರ ಇನ್ನೊಂದು ಭಾಗ ಬಂತು. ಆದರೂ ಎಲ್ಲ ಮಾದರಿಗಳಿಗೂ ಏಕಕಾಲಕ್ಕೆ ಬೆಂಬಲ ಸಿಗಲಿಲ್ಲ. ಹಾಗಾಗಿ ‘ಲಿನಕ್ಸ್ ಓಡುತ್ತೆ’ ಅನ್ನೋ ಉತ್ತರ ಸಾಲದು. ಯಾವ ಲಿನಕ್ಸ್? ಯಾರ ಡ್ರೈವರ್? ಐದು ವರ್ಷದ ನಂತರವೂ ಓಡುತ್ತಾ?

ನಮ್ಮ ಎಚ್.ಡಿ. ಕೋಟೆ ಕಡೆಯವರಿಗೆ ಕಾಕನಕೋಟೆ ಖೆಡ್ಡಾ ಕತೆ ಗೊತ್ತು. 1971ರಲ್ಲಿ ಕೊನೆಯದು ನಡೆಯಿತು. ಬೆದರಿಸಿ ಓಡಿಸಿದ ಆನೆಗೆ ಬೇಲಿ ಕಾಣೋದು ಒಳಗೆ ಬಂದು ಬಾಗಿಲು ಬಿದ್ದ ಮೇಲೆ. ಸರ್ಕಾರಿ ಕಂಪ್ಯೂಟರ್ ಖರೀದಿ ಕೂಡ ಹಾಗೇ. ಟೆಂಡರ್‌ನಲ್ಲಿ ಬರೀ ರ‍್ಯಾಮ್, ಹಾರ್ಡ್‌ಡಿಸ್ಕ್, ಬೆಲೆ ನೋಡ್ತಾರೆ. ನಾಲ್ಕು ವರ್ಷಕ್ಕೆ ಅಪ್‌ಡೇಟ್ ನಿಂತಾಗ ಬೇಲಿ ಕಾಣುತ್ತದೆ. ಅಷ್ಟೊತ್ತಿಗೆ ಲ್ಯಾಬಿಗೆ ಬೀಗ.

ಬೇರೆ ದಾರಿ ಇದೆಯಾ ಅಂದರೆ ನಮ್ಮ ಗಡಿಯ ಆಚೆಯೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ‘ಕೈಟ್’ ಸಂಸ್ಥೆ ರೂಪಿಸಿದ ಲಿನಕ್ಸ್‌ನಲ್ಲೇ ಐಟಿ ಪಾಠ ಕಲಿಯುತ್ತಾರೆ. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಇದನ್ನು ಹಾಕಿದರೆ 3,000 ಕೋಟಿ ರೂಪಾಯಿ ಉಳಿಯುತ್ತದೆ ಅಂತ ಕೈಟ್ 2019ರಲ್ಲಿ ಲೆಕ್ಕ ಕೊಟ್ಟಿತ್ತು. ಅಲ್ಲಿ ಮುಖ್ಯವಾದದ್ದು ಉಳಿದ ದುಡ್ಡಿಗಿಂತ, ಆವೃತ್ತಿ ಬದಲಾದಾಗಲೆಲ್ಲ ಕೂತು ಕೆಲಸ ಮಾಡುವ ಒಂದು ಸರ್ಕಾರಿ ತಂಡ ಇರುವುದು.

ಲಿನಕ್ಸ್‌ಗೆ ಮಿತಿ ಇಲ್ಲ ಅಂತಲ್ಲ. ವ್ಯಾಲೊರಂಟ್ ಲಿನಕ್ಸ್‌ನಲ್ಲಿ ಓಡಲ್ಲ, ಅದರ ಆಂಟಿ-ಚೀಟ್ ಬಿಡಲ್ಲ. ಜಿಟಿಎ ಆನ್‌ಲೈನ್ ಓಡುತ್ತಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಹೊಸ ಆಂಟಿ-ಚೀಟ್ ಬಂದ ಮೇಲೆ ನಿಂತಿತು. ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಶೇ. 3 ದಾಟಿದ್ದೇ 2025ರ ಅಕ್ಟೋಬರ್‌ನಲ್ಲಿ. ಆದರೆ ಇಲ್ಲೆಲ್ಲ ಅಡ್ಡ ಬಂದದ್ದು ತಂತ್ರಜ್ಞಾನವಲ್ಲ, ಕಂಪನಿಯ ತೀರ್ಮಾನ ಅನ್ನೋದು ಗಮನಿಸಿ.

ಇನ್ನೊಂದು ಮಾತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಬಗ್ಗೆ. ನಾನೂ ಕಂಪೈಲರ್ ಡಿಸೈನ್ ಪೇಪರ್ ಬರೆದು ಪಾಸಾದವನೇ. ಓಡುವ ಕಂಪೈಲರಿನ ಒಂದು ಸಾಲು ಕೋಡ್ ಆಗ ನೋಡಿರಲಿಲ್ಲ. 2023ರಲ್ಲಿ ಎಎಂಡಿ ತನ್ನ ಅತಿದೊಡ್ಡ ಡಿಸೈನ್ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲೇ, ಸುಮಾರು 3,000 ಎಂಜಿನಿಯರುಗಳಿಗಾಗಿ. ಅತ್ತ ಅಲಿಸಾ ರೋಸೆನ್ಸ್‌ವೀಗ್ ಹೈಸ್ಕೂಲಿನಲ್ಲಿದ್ದಾಗಲೇ ಮಾಲಿ ಚಿಪ್ಪಿನ ಓಪನ್ ಡ್ರೈವರ್ ಕೆಲಸ ಶುರುಮಾಡಿ, ಮುಂದೆ ಆಪಲ್ ಚಿಪ್ಪಿಗೂ ಬರೆದರು. ಮೆಸಾ ಕೋಡ್ ಎಲ್ಲರಿಗೂ ತೆರೆದಿದೆ. ಮೈಸೂರಿನ ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟು ಅದರಲ್ಲಿ ಒಂದು ಬಗ್ ಸರಿಮಾಡುವುದಾಗಿರಬಾರದು ಯಾಕೆ?

ಹಾಗಾಗಿ ಬೇಡಿಕೆ ಮೂರೇ. ಸರ್ಕಾರ ಕೊಳ್ಳುವ ಯಾವುದೇ ಕಂಪ್ಯೂಟರಿನ ಗ್ರಾಫಿಕ್ಸ್ ಡ್ರೈವರ್ ಮುಖ್ಯ ಲಿನಕ್ಸ್ ಕರ್ನಲ್ ಮತ್ತು ಮೆಸಾದಲ್ಲಿ ಇರಲೇಬೇಕೆಂಬ ಷರತ್ತು ಟೆಂಡರ್‌ನಲ್ಲಿ ಇರಲಿ. ಕಿಯೋಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಕಿಯೋನಿಕ್ಸ್ ಬರೆದುಕೊಡಲಿ. ವಿಂಡೋಸ್ 10 ನಿಂತಿತು ಅಂತ ಶಾಲೆಗಳ ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುನ್ನ ಒಂದು ಸಲ ಲಿನಕ್ಸ್ ಹಾಕಿ ನೋಡಲಿ.

ಮೊನ್ನೆ ಹುಣಸೂರಿನಿಂದ ಫೋನ್ ಬಂತು. “ಅಣ್ಣಾ, ನಮ್ ಕಾಲೇಜ್ ಲ್ಯಾಬಲ್ಲೂ ಅದೇ ಥರದವು ಹದಿನಾರು ಬಿದ್ದಿವೆ. ಆ ಪೆನ್‌ಡ್ರೈವ್ ಕಳಿಸ್ತೀಯಾ?” ಕಳಿಸಿದ್ದೇನೆ. ಆದರೆ ರಾಜ್ಯದ ಲ್ಯಾಬುಗಳನ್ನೆಲ್ಲ ಒಂದೊಂದೇ ಪೆನ್‌ಡ್ರೈವ್ ಕಳಿಸಿ ಉಳಿಸೋಕಾಗಲ್ಲ. ಅದು ಸರ್ಕಾರದ ಕೆಲಸ.